ಲಿನಕ್ಸ್‌ನಲ್ಲಿ ಸುಡೊ ಹಾಕಿದರೂ ಫೈಲ್ ತಿದ್ದಲು, ಅಳಿಸಲು ಆಗುತ್ತಿಲ್ಲ ಅಂದರೆ

ಆ ಫೈಲಿಗೆ ಯಾರೋ ಇಮ್ಯೂಟಬಲ್ ಬೀಗ (ಯಾರೂ ತಿದ್ದದಂತೆ, ಅಳಿಸದಂತೆ ತಡೆಯುವ ಗುರುತು) ಹಾಕಿರಬೇಕು. ಪರ್ಮಿಶನ್ 644 (ಒಡೆಯ ಓದಿ ಬರೆಯಬಹುದು, ಉಳಿದವರು ಓದಬಹುದು ಅಷ್ಟೇ) ಇದೆ, ಸುಡೊ (ರೂಟ್, ಅಂದರೆ ಮುಖ್ಯ ಆಡಳಿತಗಾರನ ಅಧಿಕಾರದಲ್ಲಿ ಆಜ್ಞೆ ನಡೆಸುವುದು) ಕೂಡ ಹಾಕಿದ್ದೀರಿ, ಆದರೂ ರಿಸಾಲ್ವ್ ಡಾಟ್ ಕಾನ್ಫ್ (ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಯಾವುದು ಅಂತ ಬರೆದಿಡುವ ಫೈಲ್) ತಿದ್ದಲು ಹೋದರೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಬರುತ್ತಿದ್ದರೆ, ಅದೇ ಇದರ ಗುರುತು. ಈ ಬೀಗದ ಮುಂದೆ ರೂಟ್ ಆಟವೂ ನಡೆಯುವುದಿಲ್ಲ. ಪರ್ಮಿಶನ್ ಬದಲಿಸುವ ಚ್‌ಮೋಡ್ ಆಜ್ಞೆಯ ಜೊತೆ ಗುದ್ದಾಡಬೇಡಿ.

ಮೊದಲು ಟರ್ಮಿನಲ್‌ನಲ್ಲಿ, ಇಂಥ ಗುರುತುಗಳನ್ನು ತೋರಿಸುವ ಎಲ್‌ಎಸ್‌ಆಟರ್ ಆಜ್ಞೆ ಕೊಟ್ಟು ನೋಡಿ (ಎಲ್-ಎಸ್-ಎ-ಟಿ-ಟಿ-ಆರ್, ಮುಂದೆ ಫೈಲಿನ ಪೂರ್ತಿ ದಾರಿ). ಸಾಲಾಗಿ ಅಡ್ಡಗೆರೆ ಬರುತ್ತವೆ, ನಡುವೆ ಇಂಗ್ಲಿಷಿನ ಚಿಕ್ಕ ‘ಐ’ (i) ಅಕ್ಷರ ಕಂಡರೆ ಕಳ್ಳ ಸಿಕ್ಕ. ಪಕ್ಕದಲ್ಲಿ ‘ಇ’ (e) ಇದ್ದರೆ ಗಾಬರಿ ಬೇಡ, ಎಕ್ಸ್ಟ್4 ಅನ್ನುವ ಫೈಲ್ ಸಿಸ್ಟಮ್‌ನಲ್ಲಿ ಅದು ಮಾಮೂಲಿ. ‘ಎ’ (a) ಇದ್ದರೆ ಫೈಲಿನ ಕೊನೆಗೆ ಸೇರಿಸಬಹುದು ಅಷ್ಟೇ, ಅಳಿಸಲು ಆಗಲ್ಲ.

ಆಮೇಲೆ ಬೀಗ ತೆಗೆಯಲು ಸುಡೊ ಜೊತೆ ಚಾಟರ್ (ಸಿ-ಎಚ್-ಎ-ಟಿ-ಟಿ-ಆರ್), ಮೈನಸ್ ಐ, ಫೈಲಿನ ಹೆಸರು ಕೊಡಿ. ಯಶಸ್ವಿಯಾದರೆ ಏನೂ ಹೇಳದೆ ಸುಮ್ಮನಿರುತ್ತದೆ. ಈಗ ತಿದ್ದಿ.

ಒಂದು ಮಾತು: ರಿಸಾಲ್ವ್ ಡಾಟ್ ಕಾನ್ಫ್‌ಗೆ ಬೀಗ ಸುಮ್ನೆ ಹಾಕಿರುವುದಿಲ್ಲ. ನೆಟ್‌ವರ್ಕ್ ಮ್ಯಾನೇಜರ್ (ನೆಟ್ ಸಂಪರ್ಕ ನೋಡಿಕೊಳ್ಳುವ ಪ್ರೋಗ್ರಾಂ) ನಾವು ಬರೆದ ಡಿಎನ್‌ಎಸ್ ವಿಳಾಸ ಅಳಿಸಿ ತನ್ನದು ಬರೆಯದಿರಲಿ ಅಂತ ಹಾಕುವವರೇ ಜಾಸ್ತಿ. ನಾನೂ ಹಾಗೆ ಹಾಕಿ, ಆರು ತಿಂಗಳ ಮೇಲೆ ಮರೆತು, ನನ್ನನ್ನೇ ಬೈದುಕೊಂಡಿದ್ದೆ. ಹಾಗಾಗಿ ಕೆಲಸ ಮುಗಿದ ಮೇಲೆ ಬೇಕಿದ್ದರೆ ಚಾಟರ್‌ಗೆ ಪ್ಲಸ್ ಐ ಕೊಟ್ಟು ಬೀಗ ಮತ್ತೆ ಹಾಕಿ.

‘ಐ’ ಕಾಣದಿದ್ದರೆ ಬೀಗ ಫೋಲ್ಡರಿಗೇ ಇರಬಹುದು. ಎಲ್‌ಎಸ್‌ಆಟರ್‌ಗೆ ಮೈನಸ್ ಡಿ ಸೇರಿಸಿ, ಫೋಲ್ಡರ್ ಹೆಸರು ಕೊಟ್ಟು ನೋಡಿ. ಡಾಕರ್ ಕಂಟೇನರ್ (ಯಂತ್ರದೊಳಗೆ ಪ್ರೋಗ್ರಾಂಗಳನ್ನು ಬೇರೆಯಾಗಿಟ್ಟು ನಡೆಸುವ ಡಬ್ಬಿ) ಒಳಗಿದ್ದೀರಾ? ಹಾಗಿದ್ದರೆ ಅಲ್ಲಿನ ರೂಟ್‌ಗೆ ಈ ಬೀಗ ತೆಗೆಯುವ ಅಧಿಕಾರ ಸಾಮಾನ್ಯವಾಗಿ ಇರಲ್ಲ, ಹೊರಗಿನ ಯಂತ್ರದಿಂದಲೇ ತೆಗೆಯಿರಿ.