ಪಟ್ಟಿಯಲ್ಲಿ ಪಕ್ಕದಲ್ಲಿದ್ದ ಮಾತ್ರಕ್ಕೆ ಅದೇ ಪೌಡರ್ ಆಗುವುದಿಲ್ಲ

ಅಮೆರಿಕದಲ್ಲಿ ನೆಲೆಸಿ, ಶೂಟಿಂಗ್ ಹವ್ಯಾಸಕ್ಕಾಗಿ ಹ್ಯಾಂಡ್‌ಗನ್ ಕಾಡತೂಸುಗಳನ್ನು ಮನೆಯಲ್ಲೇ ರೀಲೋಡ್ ಮಾಡಿಕೊಳ್ಳುವ, ಅಂದರೆ ಹಾರಿಸಿದ ಖಾಲಿ ಕೇಸ್‌ಗೆ ಹೊಸ ಪೌಡರ್ (ಮದ್ದು), ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ತಳದ ಪುಟ್ಟ ಬಟ್ಟಲು) ಮತ್ತು ಬುಲೆಟ್ ಹಾಕಿ ಸಿದ್ಧಪಡಿಸಿಕೊಳ್ಳುವ ಕನ್ನಡಿಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತಲೇ ಇದೆ. ರೀಲೋಡಿಂಗ್ ಯಂತ್ರವಾದ ಪ್ರೆಸ್ ಜೋಡಿಸುವುದು, ಅದರ ಅಚ್ಚಾದ ಡೈ ಹೊಂದಿಸುವುದು ತಿಳಿದವರಿಗಾಗಿ ಈ ಉತ್ತರ. ತಿಳಿಯದವರು ಮೊದಲು ಕ್ಲಬ್ಬಿನ ತರಬೇತಿಗೆ ಸೇರಬೇಕು.

ಪ್ರಶ್ನೆ: 9 ಎಂಎಂ ಪಿಸ್ತೂಲ್ ಕಾಡತೂಸಿಗೆ ನಾನು ಬಳಸುತ್ತಿದ್ದ ಪೌಡರ್ ಎಲ್ಲೂ ಸಿಗುತ್ತಿಲ್ಲ. ಬರ್ನ್ ರೇಟ್ ಪಟ್ಟಿಯಲ್ಲಿ ಅದರ ಕೆಳಗೇ ಇರುವ ಇನ್ನೊಂದು ಪೌಡರ್ ಅಂಗಡಿಯಲ್ಲಿದೆ. ಹಳೆಯ ಲೋಡ್ ಡೇಟಾವನ್ನೇ (ಎಷ್ಟು ಪೌಡರ್ ಹಾಕಬೇಕೆಂಬ ಅಳತೆ) ಶೇ 10ರಷ್ಟು ಇಳಿಸಿ, ಪ್ರೈಮರ್ ಚಪ್ಪಟೆಯಾಗುತ್ತದೆಯೇ ಎಂದು ನೋಡುತ್ತಾ ಬಳಸಬಹುದೇ?

ಬಳಸಬಾರದು. ಬರ್ನ್ ರೇಟ್ ಪಟ್ಟಿಯು ಯಾವ ಪೌಡರ್ ಯಾವುದಕ್ಕಿಂತ ಬೇಗ ಉರಿಯುತ್ತದೆ ಎಂಬ ಅನುಕ್ರಮವನ್ನಷ್ಟೇ ಹೇಳುತ್ತದೆ. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರವೆಷ್ಟು ಎಂಬುದನ್ನು ಹೇಳುವುದಿಲ್ಲ. ಒಂದು ಚಕ್ಕೆಯಾಕಾರದ್ದು, ಇನ್ನೊಂದು ದುಂಡು ಕಣದ್ದಾಗಿರಬಹುದು. ಒಂದರಲ್ಲಿ ನೈಟ್ರೊಗ್ಲಿಸರಿನ್ ಹೆಚ್ಚಿದ್ದು ಇನ್ನೊಂದರಲ್ಲಿ ಇಲ್ಲದೆಯೇ ಇರಬಹುದು. ಕೇಸ್‌ನ ಗಾತ್ರ, ಬುಲೆಟ್‌ನ ತೂಕ ಹಾಗೂ ಒತ್ತಡ ಬದಲಾದಂತೆ ಆ ಅನುಕ್ರಮವೇ ಹಿಂದುಮುಂದಾಗುವುದೂ ಉಂಟು. ಹೆಸರನ್ನೂ ನಂಬುವಂತಿಲ್ಲ: ಎಚ್‌ಪಿ-38 ಮತ್ತು ವಿಂಚೆಸ್ಟರ್ 231 ಎರಡು ಹೆಸರಿನ ಒಂದೇ ಪೌಡರ್, ಆದರೆ ರೈಫಲ್‌ಗಳಿಗೆ ಬಳಸುವ ಎಚ್4895 ಮತ್ತು ಐಎಂಆರ್ 4895ಗಳಿಗೆ ಒಂದೇ ಸಂಖ್ಯೆಯಿದ್ದರೂ ಅವು ಬೇರೆ ಬೇರೆ ಪೌಡರ್‌ಗಳು, ಅವುಗಳ ಡೇಟಾವೂ ಬೇರೆಯೇ.

ಶೇ 10ರ ಇಳಿಕೆಯು ಅದೇ ಪೌಡರ್‌ನ, ಅದೇ ಬುಲೆಟ್‌ನ ಪ್ರಕಟಿತ ಗರಿಷ್ಠದಿಂದ ಕೆಳಗಿಳಿದು ಆರಂಭಿಸಲು ಇರುವ ರೂಢಿಯೇ ಹೊರತು, ಬೇರೊಂದು ಪೌಡರ್‌ಗೆ ದಾಟುವ ಸೇತುವೆಯಲ್ಲ. ಎಲ್ಲ ಪೌಡರ್‌ಗಳಿಗೂ ಆ ರೂಢಿ ಹೊಂದುವುದೂ ಇಲ್ಲ. ಮ್ಯಾಗ್ನಮ್ ರಿವಾಲ್ವರ್‌ಗಳಿಗೆ ಬಳಸುವ ಎಚ್110 ಪೌಡರನ್ನು ಅಷ್ಟು ಇಳಿಸಬಾರದೆಂದು ತಯಾರಕರೇ ಎಚ್ಚರಿಸುತ್ತಾರೆ. ಇಳಿಸಿದರೆ ಅದು ಸರಿಯಾಗಿ ಹೊತ್ತಿಕೊಳ್ಳದೆ ಬುಲೆಟ್ ಬ್ಯಾರೆಲ್‌ನಲ್ಲೇ ಸಿಕ್ಕಿಕೊಳ್ಳಬಹುದು. ಅದನ್ನು ಗಮನಿಸದೆ ಮುಂದಿನ ಗುಂಡು ಹಾರಿಸಿದರೆ ಬ್ಯಾರೆಲ್ ಸೀಳಬಹುದು.

ಇನ್ನು ಪ್ರೈಮರ್ ನೋಡಿ ಒತ್ತಡ ಅಳೆಯುವ ವಿದ್ಯೆ. ರೇಂಜಿನಲ್ಲಿ ಹಿರಿಯರೆನಿಸಿಕೊಂಡ ಕೆಲವರು ಇದನ್ನು ಹೊಸಬರಿಗೆ ಧಾರಾಳವಾಗಿ ಹಂಚುವುದನ್ನು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅಮೆರಿಕದ ಮಾನದಂಡದಂತೆ .38 ಸ್ಪೆಷಲ್ ಕಾಡತೂಸಿನ ಗರಿಷ್ಠ ಒತ್ತಡ 17,000 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್), .357 ಮ್ಯಾಗ್ನಮ್‌ನದು 35,000. ಎರಡರಲ್ಲೂ ಬಳಕೆಯಾಗುವ ಸ್ಮಾಲ್ ಪಿಸ್ಟಲ್ ಪ್ರೈಮರ್ 35,000ವನ್ನು ತಾಳಿಕೊಳ್ಳುತ್ತದೆ ಎಂದ ಮೇಲೆ, .38ರಲ್ಲಿ ಅದು ಚಪ್ಪಟೆಯಾಗಿ ನಿಮಗೆ ಎಚ್ಚರಿಕೆ ಕೊಡುವ ಹೊತ್ತಿಗೆ ಆ ರಿವಾಲ್ವರ್ ತನ್ನ ಮಿತಿಯನ್ನು ಎಷ್ಟು ಮೀರಿರುತ್ತದೆ ಎಂದು ನೀವೇ ಯೋಚಿಸಿ.

ಹಾಗಾದರೆ ಆಯ್ಕೆ ಹೇಗೆ? ಪೌಡರ್ ಕೊಂಡು ಡೇಟಾ ಹುಡುಕಬೇಡಿ. ಡೇಟಾ ನೋಡಿ ಪೌಡರ್ ಕೊಳ್ಳಿ. ನಿಮ್ಮ ಬಳಿಯಿರುವ ಬುಲೆಟ್‌ನ ತೂಕ, ರಚನೆ ಮತ್ತು ಆಕಾರಕ್ಕೆ ಪೌಡರ್ ಅಥವಾ ಬುಲೆಟ್ ತಯಾರಕರು ಪ್ರಕಟಿಸಿದ ಕೋಷ್ಟಕವನ್ನು ತೆರೆದು, ಅದರಲ್ಲಿರುವ ಪೌಡರ್‌ಗಳಲ್ಲಿ ನಾಲ್ಕೈದನ್ನು ಬರೆದುಕೊಂಡು ಅಂಗಡಿಗೆ ಹೋಗಿ. ಸೀಸದ ಬುಲೆಟ್‌ನ ಡೇಟಾ ತಾಮ್ರದ ಜಾಕೆಟ್ ಇರುವ ಬುಲೆಟ್‌ಗೆ ಸಲ್ಲದು. ಕೋಷ್ಟಕದಲ್ಲಿ ನಮೂದಿಸಿದ ಕಾಡತೂಸಿನ ಒಟ್ಟು ಉದ್ದವೂ ಡೇಟಾದ ಭಾಗವೇ, ಏಕೆಂದರೆ 9 ಎಂಎಂನಂಥ ಪುಟ್ಟ ಕೇಸ್‌ನಲ್ಲಿ ಬುಲೆಟ್ ತುಸು ಆಳಕ್ಕೆ ಕುಳಿತರೂ ಒಳಗಿನ ಜಾಗ ಕುಗ್ಗಿ ಒತ್ತಡ ಏರುತ್ತದೆ.

ಸಮನಾದ ಎರಡು ಪೌಡರ್‌ಗಳಿದ್ದರೆ ಕೇಸ್‌ನ ಅರ್ಧಕ್ಕಿಂತ ಹೆಚ್ಚು ತುಂಬುವುದನ್ನೇ ಆರಿಸಿ. .38 ಸ್ಪೆಷಲ್ 1898ರ ಸುಮಾರಿಗೆ, ಕಪ್ಪು ಮದ್ದಿನ ಕಾಲದ ಅಳತೆಯಲ್ಲಿ ಹುಟ್ಟಿದ ಉದ್ದನೆಯ ಕೇಸ್. ಅದರಲ್ಲಿ ಇಂದಿನ ವೇಗದ ಪೌಡರ್ ತಳದಲ್ಲೆಲ್ಲೋ ಕುಳಿತಿರುತ್ತದೆ. ಕೈತಪ್ಪಿ ಎರಡು ಬಾರಿ ಸುರಿದರೂ ಚೆಲ್ಲುವುದಿಲ್ಲ, ಬುಲೆಟ್ ಸಲೀಸಾಗಿ ಕೂರುತ್ತದೆ. ಅರ್ಧ ಮೀರಿ ತುಂಬುವ ಪೌಡರಾದರೆ ಎರಡನೆಯ ಸುರಿತ ಉಕ್ಕಿ ತಾನೇ ತಪ್ಪನ್ನು ತೋರಿಸುತ್ತದೆ. ಆದರೂ ಬುಲೆಟ್ ಕೂರಿಸುವ ಮೊದಲು ಕೇಸ್‌ಗಳನ್ನು ಲೋಡಿಂಗ್ ಟ್ರೇಯಲ್ಲಿ ಸಾಲಾಗಿ ನಿಲ್ಲಿಸಿ, ಟಾರ್ಚ್ ಹಿಡಿದು ಪ್ರತಿಯೊಂದರೊಳಗೂ ಇಣುಕಿ ನೋಡಲೇಬೇಕು. ಇದರಲ್ಲಿ ನಾನು ಯಾರಿಗೂ ವಿನಾಯಿತಿ ಕೊಡುವುದಿಲ್ಲ.

ಪ್ರಶ್ನೆ: ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕೇ?

ಸಾಲದು. ಅದು ತೋರಿಸುವ 0.1 ಗ್ರಾಂ ಎಂದರೆ ಪೌಡರ್ ತೂಗುವ ಅಳತೆಯಾದ ಗ್ರೇನ್‌ನಲ್ಲಿ ಸುಮಾರು 1.5, ಒಂದು ಕೇಸ್‌ಗೆ ಸುರಿಯುವ ಇಡೀ ಚಾರ್ಜ್ ಐದು ಗ್ರೇನ್ ಆಸುಪಾಸು ಇರುವಲ್ಲಿ ಆ ವ್ಯತ್ಯಾಸ ಕೈಯನ್ನೇ ಬಲಿ ತೆಗೆದುಕೊಳ್ಳಬಹುದು. 0.1 ಗ್ರೇನ್ ತೋರಿಸುವ ರೀಲೋಡಿಂಗ್ ತಕ್ಕಡಿ ಮತ್ತು ಅದನ್ನು ಪರೀಕ್ಷಿಸುವ ತೂಕದ ಬೊಟ್ಟುಗಳನ್ನು ಕೊಳ್ಳಿ.

ಪ್ರಶ್ನೆ: ಫ್ಯಾಕ್ಟರಿ ಕಾಡತೂಸನ್ನು ಬಿಚ್ಚಿ, ಒಳಗಿನ ಪೌಡರ್ ಯಾವುದೆಂದು ನೋಡಿ ಗುರುತಿಸಬಹುದೇ?

ಸಾಧ್ಯವಿಲ್ಲ. ಕಾರ್ಖಾನೆಗಳು ಚಿಲ್ಲರೆ ಮಾರಾಟಕ್ಕೇ ಬರದ ಪೌಡರ್‌ಗಳನ್ನು ಬಳಸುತ್ತವೆ. ಬಣ್ಣ ನೋಡಿ ಹೆಸರು ಹೇಳುವವರಿಂದ ದೂರವಿರಿ.

ಪ್ರಶ್ನೆ: ಊರಿಗೆ ಮರಳಿದ ಮೇಲೆ ಬೆಂಗಳೂರಿನಲ್ಲಿ ಇದನ್ನು ಮುಂದುವರಿಸಬಹುದೇ?

1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆ ಯೋಚನೆಯನ್ನೇ ಬಿಡಿ.

ಪ್ರಶ್ನೆ: ಹಳೆಯ ಡಬ್ಬಿಯ ಪೌಡರ್ ಹುಳಿ ವಾಸನೆ ಬರುತ್ತಿದೆ, ಮುಚ್ಚಳದ ಬಳಿ ಕೆಂಗಂದು ಪುಡಿ ಇದೆ. ಬಳಸಲೇ?

ಅದು ಕೆಟ್ಟಿದೆ, ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವೂ ಉಂಟು. ಇಂದೇ ಮನೆಯಿಂದ ಹೊರಗಿಟ್ಟು, ತಯಾರಕರು ಹೇಳಿದ ವಿಧಾನದಲ್ಲಿ ವಿಲೇವಾರಿ ಮಾಡಿ. ಲೇಬಲ್ ಕಿತ್ತುಹೋದ ಡಬ್ಬಿಗೂ, ನಿನ್ನೆಯಿಂದ ಪ್ರೆಸ್‌ಗೆ ಪೌಡರ್ ತುಂಬುವ ಹಾಪರ್‌ನಲ್ಲೇ ಉಳಿದು ಹೆಸರು ನೆನಪಿಲ್ಲದ ಪೌಡರ್‌ಗೂ ಇದೇ ಉತ್ತರ.