ಸಾಲಿನ ಮೊದಲಿನ ಗುರುತು ಮತ್ತು ಪಾರ್ಸರ್‌ನ ಗೊಂದಲ

ಪ್ರಶ್ನೆ: ನಮ್ಮ ಲೆಕ್ಕದ ಕಡತದಲ್ಲಿ ರಸೀದಿ ಮತ್ತು ವಾಪಸಾತಿ ದಾಖಲೆಗಳು ಬೆರೆತು ಬರುತ್ತವೆ. ಎರಡರಲ್ಲೂ ಸಂಖ್ಯೆ, ದಿನಾಂಕ, ಮೊತ್ತ ಇರುತ್ತವೆ. ವಾಪಸಾತಿಯ ಕೊನೆಯಲ್ಲಿ ಕಾರಣವೂ ಇರಬಹುದು. ಸಾಲುಗಳು ‘ಆರ್‌ಸಿ:’ ಅಥವಾ ‘ವಿಎಸ್:’ ಎಂದು ಆರಂಭವಾದರೂ ಡಿಎಫ್‌ಡಿಎಲ್ ಸ್ಕೀಮಾದಲ್ಲಿ (ಕಡತದ ದತ್ತಾಂಶ ಹೇಗೆ ಜೋಡಣೆಯಾಗಿದೆ ಎಂದು ತಿಳಿಸುವ ವಿವರಣೆ) ನಾನು ಅವನ್ನು ಸಂಖ್ಯೆಯ ಭಾಗವಾಗಿಯೇ ಓದಿಸಿದ್ದೇನೆ. ಕಾರಣವಿಲ್ಲದ ವಾಪಸಾತಿ ರಸೀದಿಯಾಗಿ ಬರುತ್ತದೆ. ರಸೀದಿಯ ದಿನಾಂಕ ತಪ್ಪಿದ್ದರೆ ‘ಯಾವ ಆಯ್ಕೆಯೂ ಹೊಂದಲಿಲ್ಲ’ ಎಂಬ ಸಂದೇಶ ಮಾತ್ರ ಸಿಗುತ್ತದೆ. ಏನು ಮಾಡಲಿ?

ಉತ್ತರ: ಉತ್ತರ ನಿಮ್ಮ ಕಡತದಲ್ಲಿಯೇ ಇದೆ. ರಸೀದಿಯೋ ವಾಪಸಾತಿಯೋ ಎಂಬ ಆಯ್ಕೆಯ ಸ್ಥಳಕ್ಕೆ ಬಂದ ಪಾರ್ಸರ್ (ಸ್ಕೀಮಾದ ಪ್ರಕಾರ ಕಡತವನ್ನು ಓದುವ ತಂತ್ರಾಂಶ) ಮೊದಲ ಕವಲನ್ನು ಊಹೆಯಿಂದ ಓದಿ ನೋಡುತ್ತದೆ, ಸೋತರೆ ಹಿಂದಿರುಗಿ ಮುಂದಿನ ಕವಲನ್ನು ಹಿಡಿಯುತ್ತದೆ. ಹೀಗಾಗಿ ಕಾರಣವಿಲ್ಲದ ವಾಪಸಾತಿಯು ರಸೀದಿಯ ಅಚ್ಚಿಗೆ ಸಲೀಸಾಗಿ ಕೂಡುತ್ತದೆ, ತಪ್ಪು ದಿನಾಂಕದ ನಿಜವಾದ ದೋಷವೂ ಹಿಂದಿರುಗುವ ಗಡಿಬಿಡಿಯಲ್ಲಿ ಮರೆಯಾಗುತ್ತದೆ. ಸಾಲಿನ ಮೊದಲಿನ ಆ ಗುರುತುಗಳನ್ನು ಆಯಾ ದಾಖಲೆಯ ಇನಿಷಿಯೇಟರ್ (ಆರಂಭವನ್ನು ಸೂಚಿಸುವ ಗುರುತು) ಎಂದು ಘೋಷಿಸಿ, ಆಯ್ಕೆಯ ಮೇಲೆ ‘ಇನಿಷಿಯೇಟೆಡ್‌ಕಂಟೆಂಟ್’ ಗುಣಕ್ಕೆ ‘ಯೆಸ್’ ಎಂಬ ಬೆಲೆ ಕೊಡಿ.

ಈ ಎರಡನೆಯ ಹೆಜ್ಜೆಯನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ಆದರೆ ನನ್ನ ದೃಷ್ಟಿಯಲ್ಲಿ ಮುಖ್ಯವಾದುದು ಅದೇ. ಇನಿಷಿಯೇಟರ್ ಒಂದೇ ಇದ್ದರೆ ಸರಿಯಾದ ಕವಲು ಸಿಗುತ್ತದೆ, ಆದರೆ ದಿನಾಂಕ ತಪ್ಪಿದಾಗ ಪಾರ್ಸರ್ ಮತ್ತೆ ವಾಪಸಾತಿಯ ಕಡೆಗೆ ಹೋಗಿ ಅಲ್ಲಿ ಗುರುತು ಕಾಣದೆ ಸೋಲುತ್ತದೆ. ಆ ಗುಣವಿದ್ದರೆ ‘ಆರ್‌ಸಿ:’ ಕಂಡ ಕೂಡಲೇ ಇದು ರಸೀದಿಯೇ ಎಂಬ ನಿರ್ಣಯ ಆಗಿಬಿಡುತ್ತದೆ. ಆಮೇಲಿನ ದೋಷವು ಬೇರೆ ಕವಲಿನ ಪ್ರಯತ್ನಕ್ಕೆ ದಾರಿ ಕೊಡದೆ ದಿನಾಂಕದ ದೋಷವಾಗಿಯೇ ಉಳಿಯುತ್ತದೆ. ಯಾವ ಕವಲಿನ ಇನಿಷಿಯೇಟರೂ ಖಾಲಿ ಇರಬಾರದು. ಇದ್ದರೆ ಸ್ಕೀಮಾವೇ ದೋಷಪೂರ್ಣವೆನಿಸುತ್ತದೆ. ಗುರುತು ಮೌಲ್ಯದೊಳಗೆ ಸೇರುವುದಿಲ್ಲವಾದ್ದರಿಂದ ನಿಮ್ಮ ಸಂಖ್ಯೆಯೂ ಶುದ್ಧವಾಗಿ ದೊರೆಯುತ್ತದೆ.

ಕೋಲನ್ ಚಿಹ್ನೆಯನ್ನು ಗುರುತಿನಿಂದ ಬಿಡಬೇಡಿ. ಬರೀ ‘ಆರ್‌ಸಿ’ ಎಂದಿಟ್ಟರೆ ಮುಂದೆಂದಾದರೂ ‘ಆರ್‌ಸಿಎನ್:’ ಎಂಬ ಮೂರನೆಯ ಬಗೆ ಸೇರಿದಾಗ ಅದರ ಮೊದಲ ಅಕ್ಷರಗಳೂ ಹೊಂದಿ, ಪಾರ್ಸರ್ ತಪ್ಪು ಕವಲಿಗೆ ಹಿಂದಿರುಗಲಾಗದಂತೆ ಅಂಟಿಕೊಳ್ಳುತ್ತದೆ.

ನಿಮ್ಮ ದಾಖಲೆಗಳ ಎಣಿಕೆ ಮೊದಲೇ ತಿಳಿಯದಿದ್ದರೆ ಇನ್ನೊಂದು ಅನಿಶ್ಚಿತತೆ ಉಳಿದಿರುತ್ತದೆ: ಸಾಲೊಂದು ವಿಫಲವಾದಾಗ, ಸರಣಿ ಅಲ್ಲಿಗೇ ಮುಗಿಯಿತೆಂದು ಪಾರ್ಸರ್ ತಿಳಿದು ಉಳಿದ ಸಾಲುಗಳನ್ನು ಓದದೆ ಬಿಡಬಹುದು. ಅದನ್ನು ಆಯ್ಕೆಯ ಮೇಲಿನ ಗುಣ ಬಗೆಹರಿಸದು. ಸರಣಿಯ ಪ್ರತಿ ದಾಖಲೆಗೂ ಪ್ರತ್ಯೇಕ ಡಿಸ್ಕ್ರಿಮಿನೇಟರ್ (ಇಲ್ಲಿ ದಾಖಲೆ ಇದೆ ಎಂದು ಪಾರ್ಸರ್‌ಗೆ ಖಚಿತಪಡಿಸುವ ಪರೀಕ್ಷೆ) ಬರೆಯಬೇಕು.