ರಿಯಾಕ್ಟ್ ಕಲಿಯೋಕೆ ಕ್ರಿಯೇಟ್ ರಿಯಾಕ್ಟ್ ಆಪ್ ಹಾಕ್ಲಾ, ವೀಟ್ ಹಾಕ್ಲಾ?

ರಿಯಾಕ್ಟ್ ಅಂದ್ರೆ ವೆಬ್ ಪೇಜ್ ಕಟ್ಟೋಕೆ ಬಳಸೋ ಜಾವಾಸ್ಕ್ರಿಪ್ಟ್ ಲೈಬ್ರರಿ, ಇವೆರಡೂ ಅದ್ರಲ್ಲಿ ಪ್ರಾಜೆಕ್ಟ್ ಶುರು ಮಾಡಿ ಓಡಿಸೋಕೆ ಇರೋ ಟೂಲ್‌ಗಳು. ಹೊಸದಾಗಿ ಶುರು ಮಾಡ್ತಿದ್ರೆ ವೀಟೇ ಹಾಕಿ. ಕ್ರಿಯೇಟ್ ರಿಯಾಕ್ಟ್ ಆಪ್ 2016ರಲ್ಲಿ ಬಂದಾಗ ನಿಜಕ್ಕೂ ದೊಡ್ಡ ಉಪಕಾರ ಆಯ್ತು, ವೆಬ್‌ಪ್ಯಾಕು (ಫೈಲುಗಳನ್ನ ಒಟ್ಟು ಸೇರಿಸೋ ಟೂಲ್) ಬೇಬಲ್ಲು (ಕೋಡನ್ನ ಬ್ರೌಸರಿಗೆ ಅರ್ಥ ಆಗೋ ಹಾಗೆ ಬದಲಾಯ್ಸೋ ಟೂಲ್) ಅಂತ ತಲೆ ಕೆಡಿಸ್ಕೊಳ್ದೆ ಒಂದೇ ಕಮಾಂಡಲ್ಲಿ ಆಪ್ ಓಡ್ತಿತ್ತು, ಆದ್ರೆ 2025ರ ಫೆಬ್ರವರೀಲಿ ರಿಯಾಕ್ಟ್ ತಂಡದವ್ರೇ ಹೊಸ ಆಪ್‌ಗೆ ಇದು ಬೇಡ ಅಂದ್ಬಿಟ್ರು. ಹಳೇ ವಿಡಿಯೋ ಪಾಠಗಳಲ್ಲಿ ಇನ್ನೂ ಅದೇ ಇರುತ್ತೆ, ಗೊಂದಲ ಆಗೋದು ಅಲ್ಲೇ.

ವೀಟ್ ಯಾಕಷ್ಟು ಫಾಸ್ಟ್ ಅಂದ್ರೆ, ಹಳೇದು ಇಡೀ ಆಪನ್ನ ಮೊದ್ಲು ಗಂಟು ಕಟ್ಟಿ ಆಮೇಲೆ ಬ್ರೌಸರಿಗೆ ಕೊಡುತ್ತೆ, ವೀಟ್ ಹಾಗಲ್ಲ, ಹೊರಗಿನ ಲೈಬ್ರರಿಗಳನ್ನಷ್ಟೇ ಮೊದ್ಲು ರೆಡಿ ಮಾಡಿಟ್ಕೊಂಡು ನೀವು ಬರೆದ ಕೋಡಲ್ಲಿ ಬ್ರೌಸರ್ ಯಾವ ಫೈಲ್ ಕೇಳುತ್ತೋ ಅದನ್ನ ಮಾತ್ರ ಆಗಿಂದಾಗ ಕೊಡುತ್ತೆ, ಹಾಗಾಗಿ ಒಂದು ಬಟನ್ ಬಣ್ಣ ಬದಲಾಯ್ಸಿ ಸೇವ್ ಮಾಡಿದ ತಕ್ಷಣ ಪೇಜಲ್ಲಿ ಕಾಣ್ಸುತ್ತೆ.

ಹಳೇ ಪ್ರಾಜೆಕ್ಟ್ ಬದಲಾಯಿಸ್ತಿದ್ರೆ ಇಂಡೆಕ್ಸ್ ಎಚ್‌ಟಿಎಂಎಲ್ ಫೈಲನ್ನ ಪಬ್ಲಿಕ್ ಫೋಲ್ಡರಿಂದ ಹೊರಗೆ ತನ್ನಿ, ಎನ್ವಿರಾನ್ಮೆಂಟ್ ವೇರಿಯೇಬಲ್ (ಕೋಡಿಂದ ಹೊರಗೆ ಬರೆದಿಡೋ ಸೆಟ್ಟಿಂಗ್) ಹೆಸರಿನ ಶುರುವಲ್ಲಿರೋ REACT_APP_ ತೆಗ್ದು VITE_ ಅಂತ ಹಾಕಿ, ಇಲ್ಲಾಂದ್ರೆ ಅಲ್ಲಿಟ್ಟಿರೋ ಎಪಿಐ ವಿಳಾಸ (ಸರ್ವರಿಂದ ಡೇಟಾ ತರೋ ವಿಳಾಸ) ಅನ್‌ಡಿಫೈನ್ಡ್, ಅಂದ್ರೆ ಬೆಲೆನೇ ಇಲ್ಲ ಅಂತ ಬರುತ್ತೆ. ಗುಟ್ಟಿನ ಕೀ ಮಾತ್ರ ಅಲ್ಲಿ ಇಡ್ಲೇಬೇಡಿ ದಯವಿಟ್ಟು, ಬಿಲ್ಡ್ ಆದ್ಮೇಲೆ ಬ್ರೌಸರಲ್ಲಿ ಯಾರು ಬೇಕಾದ್ರೂ ಓದ್ಬೋದು. ಇನ್ನೊಂದು, ನಿಮ್ಮ ಕಂಪ್ಯೂಟರಲ್ಲಿ ಆಪ್ ತೆರೆಯೋ ವಿಳಾಸದ ಕೊನೇಲಿರೋ ಪೋರ್ಟ್ ನಂಬರು ವೀಟಲ್ಲಿ ಮೊದಲಿನ ಹಾಗೆ 3000 ಅಲ್ಲ, 5173.